ನೇತ್ರಾಣಿಗೆ ಹೊರಟಿದ್ದೀರಾ? ಜೇಬಿನಲ್ಲೊಂದು ಸ್ನಾರ್ಕಲ್ ಇರಲಿ

ಸ್ಕೂಬಾ ಕಲಿತವರು ಕ್ಯಾಮೆರಾಕ್ಕೆ ಸಾವಿರಾರು ರೂಪಾಯಿ ಸುರಿಯುತ್ತಾರೆ. ಒಂದು ಸಣ್ಣ ಕೊಳವೆಯನ್ನು ಮಾತ್ರ ಮನೆಯಲ್ಲೇ ಬಿಟ್ಟು ಬರುತ್ತಾರೆ. ಮಡಚಿ ಜೇಬಿಗೆ ಹಾಕಿಕೊಳ್ಳುವ ಸ್ನಾರ್ಕಲ್ ಯಾಕೆ ಬೇಕು, ಯಾವುದನ್ನು ಕೊಳ್ಳಬೇಕು? ಇಲ್ಲಿದೆ ಮಾಹಿತಿ.

ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಹೊರಟು, ಸಾಗರ ದಾಟಿ, ಬೆಳಗಿನ ಜಾವ ಗೇರುಸೊಪ್ಪ ಘಾಟಿ ಇಳಿಯುವ ಗಾಡಿಗಳಲ್ಲಿ ಈಗ ಹೊಸ ಬಗೆಯ ಪ್ರಯಾಣಿಕರು ಕಾಣುತ್ತಾರೆ. ಜೋಗ ನೋಡಲು ಬಂದವರಲ್ಲ, ಗೋಕರ್ಣಕ್ಕೂ ಅಲ್ಲ. ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಗೇರುಸೊಪ್ಪ ದಾಟಿ, ಶರಾವತಿಯ ಪಕ್ಕದಲ್ಲೇ ಸಾಗಿ ಹೊನ್ನಾವರ ಮುಟ್ಟಿ, ಅಲ್ಲಿಂದ ದಕ್ಷಿಣಕ್ಕೆ ತಿರುಗಿ ಮುರುಡೇಶ್ವರ ಸೇರುತ್ತಾರೆ. ಅವರ ಗುರಿ ಭಟ್ಕಳ ತಾಲ್ಲೂಕಿನ ಕರಾವಳಿಯಿಂದ ಸುಮಾರು 19 ಕಿ.ಮೀ. ದೂರ ಸಮುದ್ರದಲ್ಲಿರುವ ನೇತ್ರಾಣಿ ದ್ವೀಪ.

ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ 2022ರಲ್ಲಿ ತೆರೆಗೆ ಬಂದ ಮೇಲಂತೂ ನೇತ್ರಾಣಿಯ ನೀರೊಳಗಿನ ಲೋಕ ಮನೆಮಾತಾಯಿತು. ಗಿಳಿಮೀನು, ಚಿಟ್ಟೆಮೀನು, ಬಂಡೆಸಂದಿಯಿಂದ ಇಣುಕುವ ಮೊರೆ ಈಲ್, ಅದೃಷ್ಟವಿದ್ದರೆ ಕಡಲಾಮೆ. ಒಂದು ಸಲ ನೋಡಿದವರು ಇನ್ನೊಂದು ಸಲ ಬರುತ್ತಾರೆ. ಎರಡನೇ ಸಲ ಬರುವಾಗ ಕೋರ್ಸ್ ಮಾಡಿಕೊಂಡು, ಸ್ವಂತ ಮಾಸ್ಕ್ ಹಿಡಿದು ಬರುತ್ತಾರೆ. ಆಗ ಏಳುವ ಪ್ರಶ್ನೆ: ಬೆನ್ನ ಮೇಲೆ ಗಾಳಿಯ ಸಿಲಿಂಡರ್ ಇರುವಾಗ ಸ್ನಾರ್ಕಲ್ ಬೇಕಾ? ಬೇಕು ಅಂದರೆ ಎಂಥದ್ದು?

ಮೊದಲ ಸಲದವರಿಗೆ: ಏನೂ ಕೊಳ್ಳಬೇಡಿ

ಮುರುಡೇಶ್ವರಕ್ಕೆ ಬರುವವರಲ್ಲಿ ಹೆಚ್ಚಿನವರು ಮಾಡುವುದು ‘ಟ್ರೈ ಡೈವ್’. ಈಜು ಬಾರದವರೂ ಮಾಡಬಹುದು. ತರಬೇತುದಾರರು ಪಕ್ಕದಲ್ಲೇ ಇದ್ದು ಕರೆದೊಯ್ಯುತ್ತಾರೆ. ಪ್ಯಾಡಿ ಸಂಸ್ಥೆಯ ನಿಯಮದಲ್ಲಿ ಇಂಥ ಪರಿಚಯದ ಡೈವ್‌ಗೆ 12 ಮೀಟರ್ ಆಳವೇ ಮಿತಿ. ಮಾಸ್ಕ್, ಫಿನ್ಸ್, ಜಾಕೆಟ್, ಸಿಲಿಂಡರ್ ಎಲ್ಲ ಅವರದ್ದೇ. ನೀವು ದೋಣಿಯ ಪಕ್ಕದಲ್ಲೇ ಇಳಿದು ಅಲ್ಲೇ ಮೇಲೆ ಬರುತ್ತೀರಿ, ಜವಾಬ್ದಾರಿಯೂ ಅವರದ್ದೇ. ಇವರಿಗೆ ಸ್ನಾರ್ಕಲ್ ಅಗತ್ಯವಿಲ್ಲ. ಆ ದುಡ್ಡಲ್ಲಿ ಮುರುಡೇಶ್ವರದಲ್ಲಿ ಒಂದು ಒಳ್ಳೆಯ ಮೀನೂಟ ಮಾಡಿ.

ಈ ಬರಹ ಓಪನ್ ವಾಟರ್ ಕೋರ್ಸ್ ಮಾಡಿದವರಿಗೆ ಅಥವಾ ಮಾಡಲು ಹೊರಟವರಿಗೆ. ಅವರಿಗೆ 18 ಮೀಟರ್‌ವರೆಗೆ ಇಳಿಯಲು ಪರವಾನಗಿ ಸಿಗುತ್ತದೆ. ಪಕ್ಕದಲ್ಲಿ ತರಬೇತುದಾರರು ಇರಲೇಬೇಕೆಂದಿಲ್ಲ, ಜೊತೆಗಾರ ಇದ್ದರೆ ಸಾಕು. ಅಂದರೆ ದೋಣಿಗೆ ವಾಪಸ್ ಬರುವ ಜವಾಬ್ದಾರಿ ನಿಮ್ಮದೇ. ಕೋರ್ಸಿನಲ್ಲೂ ಸ್ನಾರ್ಕಲ್ ಬಿಡಲಾಗದು. ಪ್ಯಾಡಿ ಕೋರ್ಸಿನ ಈಜು ಪರೀಕ್ಷೆಯಲ್ಲಿ ಎರಡು ಆಯ್ಕೆ: ಬರಿ ಮೈಯಲ್ಲಿ 200 ಮೀಟರ್ ಈಜಬೇಕು, ಇಲ್ಲವೇ ಮಾಸ್ಕ್, ಫಿನ್ಸ್, ಸ್ನಾರ್ಕಲ್ ಹಾಕಿಕೊಂಡು 300 ಮೀಟರ್. ಜೊತೆಗೆ ಬಾಯಿಂದ ಸ್ನಾರ್ಕಲ್ ತೆಗೆದು ರೆಗ್ಯುಲೇಟರ್ ಹಾಕಿಕೊಳ್ಳುವ, ಮತ್ತೆ ಅದನ್ನು ತೆಗೆದು ಇದನ್ನು ಹಾಕಿಕೊಳ್ಳುವ ಅಭ್ಯಾಸವನ್ನೂ ಮಾಡಿಸುತ್ತಾರೆ. ಸರ್ಟಿಫಿಕೇಟ್ ಕೈಗೆ ಬಂದ ಮರುದಿನದಿಂದ ಅದು ಅಟ್ಟ ಸೇರುತ್ತದೆ, ಆ ಮಾತು ಬೇರೆ.

ಕೊಳವೆಯ ಕೆಲಸ ನೀರಿನ ಮೇಲೆ

ಸ್ನಾರ್ಕಲ್ ಸ್ಕೂಬಾದ ಉಪಕರಣ ಅಲ್ಲ ಅನ್ನುವವರು ಒಂದು ವಿಷಯ ಮರೆಯುತ್ತಾರೆ. ಡೈವ್ ಅಂದರೆ ನೀರೊಳಗಿನ 40 ನಿಮಿಷ ಮಾತ್ರ ಅಲ್ಲ. ಇಳಿಯುವ ಮುಂಚೆ ತೇಲುತ್ತ ಕಾಯುವುದು, ಮೇಲೆ ಬಂದ ಮೇಲೆ ದೋಣಿಯವರೆಗೆ ಹೋಗುವುದು, ಇವೂ ಡೈವ್‌ನ ಭಾಗವೇ. ಯಡವಟ್ಟು ಆಗುವುದೂ ಬಹಳ ಸಲ ಇಲ್ಲೇ.

ನೇತ್ರಾಣಿಯಂಥ ಜಾಗ ನೆನೆದುಕೊಳ್ಳಿ. ಸುತ್ತ ತೆರೆದ ಅರಬ್ಬಿ ಸಮುದ್ರ, ಬಂಡೆಗೆ ಬಡಿದು ವಾಪಸ್ ಬರುವ ಅಲೆ. ನೀವು 50 ಬಾರ್ ಉಳಿಸಿಕೊಂಡು ಸರಿಯಾಗಿಯೇ ಮೇಲೆ ಬಂದಿರಿ ಅಂದುಕೊಳ್ಳಿ. ಆದರೆ ನೀರಿನ ಸೆಳೆತ ನಿಮ್ಮನ್ನು ಒಂದಿಷ್ಟು ದೂರ ತಂದುಬಿಟ್ಟಿದೆ. ದೋಣಿ 80 ಮೀಟರ್ ಆಚೆ. ದೋಣಿಯವರು ಇನ್ನೊಂದು ಗುಂಪನ್ನು ಹತ್ತಿಸಿಕೊಳ್ಳುತ್ತಿದ್ದಾರೆ, ಈಗಲೇ ಲಂಗರು ಎತ್ತಿ ಬರಲಾಗದು.

ಸ್ವಲ್ಪ ಲೆಕ್ಕ ಹಾಕೋಣ. ಸಾಮಾನ್ಯ ಅಲ್ಯೂಮಿನಿಯಂ ಸಿಲಿಂಡರಿನ ಒಳಗಾತ್ರ ಸುಮಾರು 11 ಲೀಟರ್. 50 ಬಾರ್ ಉಳಿದಿದೆ ಅಂದರೆ ಸುಮಾರು 550 ಲೀಟರ್ ಗಾಳಿ. ಸುಮ್ಮನೆ ತೇಲುವವರು ನಿಮಿಷಕ್ಕೆ 15 ಲೀಟರ್ ಎಳೆದುಕೊಂಡರೆ ಅರ್ಧ ತಾಸು ಆರಾಮಾಗಿ ಬರುತ್ತದೆ. ಅಲೆಗೆ ಎದುರಾಗಿ ಕಾಲು ಬಡಿಯುವವರು, ಅದರ ಮೇಲೆ ಗಾಬರಿಯೂ ಆದವರು 30 ಲೀಟರ್ ಎಳೆದುಕೊಂಡರೆ 18 ನಿಮಿಷ. ಮೇಲೆ ಬಂದಾಗಲೇ 20 ಬಾರ್‌ಗೆ ಇಳಿದಿದ್ದರೆ? 7 ನಿಮಿಷ. ಆಮೇಲೆ ರೆಗ್ಯುಲೇಟರ್ ಬಾಯಲ್ಲಿದ್ದೂ ಇಲ್ಲದ ಹಾಗೆ.

ಸ್ನಾರ್ಕಲ್‌ನಲ್ಲಿ ಈ ಗಡಿಯಾರ ಓಡುವುದಿಲ್ಲ. ಮೇಲಿನ ಗಾಳಿ ಬಿಟ್ಟಿ, ಮುಗಿಯುವುದೂ ಇಲ್ಲ. ಮುಖ ನೀರಿಗೆ ಹಾಕಿ, ಕತ್ತು ಸಡಿಲ ಬಿಟ್ಟು, ನಿಧಾನವಾಗಿ ಫಿನ್ ಆಡಿಸುತ್ತ ಬರಬಹುದು. ಕೆಳಗಿನ ಬಂಡೆ, ದೋಣಿಯ ಲಂಗರಿನ ಹಗ್ಗ, ಜೊತೆಗಾರ, ಮೂರೂ ಕಣ್ಣಿಗೆ ಬೀಳುತ್ತವೆ. ಸಿಲಿಂಡರಿನಲ್ಲಿ ಉಳಿದ ಗಾಳಿ ನಿಜವಾದ ತುರ್ತಿಗೆ ಮೀಸಲಾಗುತ್ತದೆ.

‘ಜಾಕೆಟ್‌ಗೆ ಗಾಳಿ ತುಂಬಿಸಿ ಅಂಗಾತ ಮಲಗಿ ಕಾಲಾಡಿಸಿಕೊಂಡು ಬಂದರಾಯ್ತಪ್ಪ’ ಅಂತ ವಾದ ಮಾಡುವ ಅನುಭವಿಗಳೂ ಇದ್ದಾರೆ. ಸಮುದ್ರ ಶಾಂತವಾಗಿದ್ದರೆ ಅವರ ಮಾತು ಸರಿ, ಅದು ಒಳ್ಳೆಯ ಉಪಾಯವೇ. ಆದರೆ ಅಂಗಾತ ಈಜುವಾಗ ಎದುರಿನ ದಾರಿ ಕಾಣದು, ಪ್ರತಿ ಅಲೆಯೂ ಮುಖದ ಮೇಲೆ ಒಡೆಯುತ್ತದೆ. ಗಾಳಿಚೀಲ ಬೆನ್ನಿಗಷ್ಟೇ ಇರುವ ಕೆಲವು ಜಾಕೆಟ್‌ಗಳು ನೀರಿನ ಮೇಲೆ ನಿಮ್ಮನ್ನು ಮುಂದಕ್ಕೆ ಬಾಗಿಸುತ್ತವೆ ಕೂಡ. ಹಾಗಾಗಿ ಎರಡೂ ಗೊತ್ತಿರಲಿ, ಎರಡೂ ಕೈಯಳತೆಯಲ್ಲಿರಲಿ.

ಹಾಗಾದರೆ ಯಾಕೆ ಬಿಟ್ಟು ಬರುತ್ತಾರೆ?

ಕಾರಣವಿದೆ. ಸ್ನಾರ್ಕಲ್ ಅನ್ನು ಮಾಸ್ಕಿನ ಪಟ್ಟಿಗೆ ಸಿಕ್ಕಿಸಿಕೊಂಡು ಕೆಳಗೆ ಇಳಿದರೆ ಅದು ಕಿರಿಕಿರಿಯ ವಸ್ತು. ರೆಗ್ಯುಲೇಟರ್ ಬಲ ಭುಜದ ಮೇಲಿಂದ ಬರುವುದರಿಂದ ಸ್ನಾರ್ಕಲ್ ಎಡಗಡೆ ಇರಬೇಕು. ಅದೇ ಎಡಗಡೆ ಜಾಕೆಟ್‌ಗೆ ಗಾಳಿ ತುಂಬುವ ಪೈಪೂ ಇರುತ್ತದೆ. ಗಡಿಬಿಡಿಯಲ್ಲಿ ಇದನ್ನು ಅದು, ಅದನ್ನು ಇದು ಅಂದುಕೊಳ್ಳುವ ಸಾಧ್ಯತೆ ಇದ್ದೇ ಇದೆ. ಸೆಳೆತ ಇರುವಲ್ಲಿ ಕೊಳವೆ ನೀರಿಗೆ ಅಡ್ಡವಾಗಿ ನಿಂತು ಮಾಸ್ಕನ್ನು ಜಗ್ಗುತ್ತದೆ, ಮಾಸ್ಕಿನೊಳಗೆ ನೀರು ಬರುತ್ತದೆ. ಉದ್ದ ಕೂದಲಿದ್ದವರಿಗೆ ಸಿಕ್ಕು ಬೇರೆ. ಬಂಡೆಗೆ ಸಿಕ್ಕಿಕೊಂಡ ಹಳೇ ಬಲೆಯ ತುಂಡು, ಗಾಳದ ದಾರ ಇರುವ ಜಾಗದಲ್ಲಿ ತಲೆಯಿಂದ ಹೊರಚಾಚಿದ ಯಾವ ವಸ್ತುವೂ ಒಳ್ಳೆಯದಲ್ಲ.

ಇದಕ್ಕೆ ಉತ್ತರ ಸ್ನಾರ್ಕಲ್ ಬಿಡುವುದಲ್ಲ, ಕೆಳಗಿರುವಾಗ ಅದನ್ನು ಜೇಬಿಗೆ ಹಾಕುವುದು. ಮೇಲೆ ಬಂದ ಮೇಲೆ ತೆಗೆದು ಮಾಸ್ಕಿಗೆ ಸಿಕ್ಕಿಸುವುದು. ಸುತ್ತಿ ಮಡಚುವ ಸ್ನಾರ್ಕಲ್ ಹುಟ್ಟಿದ್ದೇ ಇದಕ್ಕಾಗಿ. ಸ್ಲೀಪರ್ ಬಸ್ಸಿನಲ್ಲಿ ಒಂದೇ ಬ್ಯಾಕ್‌ಪ್ಯಾಕ್ ಹಿಡಿದು ಬರುವವರಿಗೂ ಇದು ಅನುಕೂಲ.

ಉದ್ದ ಕೊಳವೆ ಯಾಕೆ ಬೇಡ?

ಅಂಗಡಿಗೆ ಹೋಗುವ ಮುಂಚೆ ಒಂದು ವಿಜ್ಞಾನದ ವಿಷಯ. ‘ಕೊಳವೆ ಉದ್ದ ಇದ್ದಷ್ಟೂ ಒಳ್ಳೇದಲ್ವಾ, ಇನ್ನೂ ಆಳಕ್ಕೆ ಹೋಗಬಹುದು’ ಅನ್ನಿಸುವುದು ಸಹಜ. ದುರ್ಯೋಧನನಿಗೆ ಜಲಸ್ತಂಭನ ವಿದ್ಯೆ ಇತ್ತು, ವೈಶಂಪಾಯನ ಸರೋವರದ ತಳದಲ್ಲಿ ಅಡಗಿ ಕುಳಿತ. ನಮಗೆ ಆ ವಿದ್ಯೆ ಇಲ್ಲ.

ಒಂದು ಮೀಟರ್ ನೀರಿನ ಕೆಳಗೆ ನಮ್ಮ ಎದೆಯ ಮೇಲೆ ಬೀಳುವ ಒತ್ತಡ ಮೇಲಿನದಕ್ಕಿಂತ ಸುಮಾರು ಶೇ. 10 ಹೆಚ್ಚು. ಇಷ್ಟೇನಾ ಅನ್ನಬೇಡಿ. ಆ ಭಾರಕ್ಕೆ ಎದುರಾಗಿ ಎದೆ ಹಿಗ್ಗಿಸಿ ಮೇಲಿನ ಗಾಳಿಯನ್ನು ಎಳೆದುಕೊಳ್ಳುವಷ್ಟು ಶಕ್ತಿ ನಮ್ಮ ಉಸಿರಾಟದ ಸ್ನಾಯುಗಳಿಗೆ ಇಲ್ಲ. ಸ್ಕೂಬಾದಲ್ಲಿ ಇದು ಸಾಧ್ಯವಾಗುವುದು ರೆಗ್ಯುಲೇಟರ್ ಆಯಾ ಆಳದ ಒತ್ತಡಕ್ಕೆ ಸರಿಯಾಗಿಯೇ ಗಾಳಿ ಕೊಡುವುದರಿಂದ.

ಇನ್ನೊಂದು ತೊಡಕು ಹಳಸಲು ಗಾಳಿಯದ್ದು. ನಾವು ಆರಾಮಾಗಿ ಎಳೆದುಕೊಳ್ಳುವ ಒಂದು ಉಸಿರು ಸುಮಾರು 500 ಮಿಲಿಲೀಟರ್. ಅದರಲ್ಲಿ ಸುಮಾರು 150 ಮಿ.ಲೀ. ಗಂಟಲು, ಶ್ವಾಸನಾಳದಲ್ಲೇ ಉಳಿಯುತ್ತದೆ, ಶ್ವಾಸಕೋಶದ ಕೆಲಸಕ್ಕೆ ಸಿಗುವುದಿಲ್ಲ. ಇದಕ್ಕೆ 230 ಮಿ.ಲೀ. ಹಿಡಿಸುವ ಕೊಳವೆ ಸೇರಿತು ಅನ್ನಿ. ಪ್ರತಿ ಸಲ ಹೊರಬಿಟ್ಟ ಗಾಳಿಯ ಒಂದು ಪಾಲು ಕೊಳವೆಯಲ್ಲೇ ನಿಂತು ಮತ್ತೆ ಒಳಗೆ ಬರುತ್ತದೆ. 500ರಲ್ಲಿ ಕೆಲಸಕ್ಕೆ ಬರುವ ತಾಜಾ ಗಾಳಿ 120 ಮಿ.ಲೀ. ಮಾತ್ರ! ಅದಕ್ಕೇ ಸ್ನಾರ್ಕಲ್‌ನಲ್ಲಿ ಸಣ್ಣ ಸಣ್ಣ ಉಸಿರು ತೆಗೆಯಬಾರದು. ನಿಧಾನವಾಗಿ, ಆಳವಾಗಿ ಎಳೆದು ಪೂರ್ತಿ ಬಿಡಬೇಕು.

ಯುರೋಪಿನ ಇಎನ್ 1972 ಮಾನದಂಡ ಮಿತಿ ಹಾಕಿರುವುದೂ ಇದೇ ಕಾರಣಕ್ಕೆ. ದೊಡ್ಡವರ ಸ್ನಾರ್ಕಲ್‌ಗೆ ಉದ್ದ 38 ಸೆಂ.ಮೀ., ಒಳಗಾತ್ರ 230 ಮಿ.ಲೀ. ಮೀರಬಾರದು. ಸಣ್ಣ ಶ್ವಾಸಕೋಶದವರಿಗೆ, ಅಂದರೆ ಮಕ್ಕಳಂಥವರಿಗೆ, 35 ಸೆಂ.ಮೀ. ಮತ್ತು 150 ಮಿ.ಲೀ. ಡಬ್ಬಿಯ ಮೇಲೆ ಈ ಸಂಖ್ಯೆ ಇದೆಯಾ ನೋಡಿ. ಮಗಳಿಗೆ ಅಂತ ಅಪ್ಪನ ಸ್ನಾರ್ಕಲ್ ಕೊಡಬೇಡಿ.

ಅಂಗಡಿಯಲ್ಲಿ ಸಿಗುವ ಬಗೆಗಳು

*ಸಾದಾ ಕೊಳವೆ:* ಇಂಗ್ಲಿಷಿನ ಜೆ ಅಕ್ಷರದ ಆಕಾರ. ವಾಲ್ವ್ ಇಲ್ಲ, ತಲೆಗೆ ಟೋಪಿ ಇಲ್ಲ. ಅಗ್ಗ, ಕೆಡುವುದಕ್ಕೆ ಏನೂ ಇಲ್ಲ. ಆದರೆ ಗಟ್ಟಿ ಪ್ಲಾಸ್ಟಿಕ್ ಆದರೆ ಜೇಬಿಗೆ ಹಿಡಿಸದು.

*ಸೆಮಿ ಡ್ರೈ:* ತುದಿಯಲ್ಲಿ ನೀರು ಸಿಡಿಯದ ಹಾಗೆ ಸಣ್ಣ ಮರೆ, ಕೆಳಗೆ ನೀರು ಹೊರಹಾಕುವ ಪರ್ಜ್ ವಾಲ್ವ್. ಬರೀ ಸ್ನಾರ್ಕಲಿಂಗ್ ಮಾಡುವವರಿಗೆ ಹಿತ.

*ಡ್ರೈ:* ತುದಿಯಲ್ಲಿ ತೇಲುವ ಮುಚ್ಚಳ. ಮುಳುಗಿದ ಕೂಡಲೇ ಮುಚ್ಚಿಕೊಳ್ಳುತ್ತದೆ. ಕೇಳಲು ಚೆಂದ. ಸ್ಕೂಬಾಕ್ಕೆ ಮಾತ್ರ ಇದು ಹೊಂದುವುದಿಲ್ಲ. ತಲೆ ದಪ್ಪ, ಒಳಗೆ ಗಾಳಿ ನಿಂತು ಮೇಲಕ್ಕೆ ಎಳೆಯುತ್ತದೆ, ಜೇಬಿಗೂ ಹೋಗದು. ಮರಳಿನ ಕಣ ಸಿಕ್ಕಿ ಮುಚ್ಚಳ ಅಂಟಿಕೊಂಡರೆ ಬೇಕಾದಾಗಲೇ ಗಾಳಿ ಬಂದ್.

*ಸುತ್ತಿ ಮಡಚುವ ಸ್ನಾರ್ಕಲ್:* ಇಡೀ ಕೊಳವೆ ಮೆತ್ತನೆಯ ಸಿಲಿಕಾನ್. ಚಪಾತಿ ಸುತ್ತಿದ ಹಾಗೆ ಸುತ್ತಿದರೆ ಮುಷ್ಟಿಯಷ್ಟಾಗುತ್ತದೆ, ಬಿಟ್ಟ ಕೂಡಲೇ ಮೊದಲಿನ ಆಕಾರ. ಓಷಿಯಾನಿಕ್ ಕಂಪನಿಯ ಪಾಕೆಟ್ ಸ್ನಾರ್ಕಲ್, ಕ್ರೆಸ್ಸಿಯ ಕಾರ್ಸಿಕಾ ಈ ಜಾತಿಗೆ ಸೇರಿದವು. ಹೆಸರು ಮುಖ್ಯವಲ್ಲ, ಗುಣ ಮುಖ್ಯ.

ಇಡೀ ಮುಖ ಮುಚ್ಚುವ ಸ್ನಾರ್ಕಲ್ ಮಾಸ್ಕ್ ಬಗ್ಗೆಯೂ ಹೇಳಿಬಿಡಬೇಕು. ಅದು ನೀರಿನ ಮೇಲಷ್ಟೇ ತೇಲುವವರಿಗೆ. ಅದರಲ್ಲಿ ಮೂಗು ಒತ್ತಿ ಕಿವಿಯ ಒತ್ತಡ ಸರಿ ಮಾಡಿಕೊಳ್ಳಲಾಗದು, ರೆಗ್ಯುಲೇಟರ್ ಬಾಯಿಗೆ ಇಡಲೂ ಆಗದು. ಸ್ಕೂಬಾಕ್ಕೆ ಅದು ಬೇಡವೇ ಬೇಡ.

ಕೊಳ್ಳುವಾಗ ಏಳು ಪರೀಕ್ಷೆ

1. ಬಿಚ್ಚಿಕೊಳ್ಳುತ್ತದಾ? ಬಿಗಿಯಾಗಿ ಸುತ್ತಿ ಒಂದೆರಡು ನಿಮಿಷ ಹಿಡಿದು ಬಿಡಿ. ಎರಡು ಮೂರು ಸೆಕೆಂಡಿನಲ್ಲಿ ನೆಟ್ಟಗಾಗಬೇಕು. ಮಡಿಕೆ ಬಿದ್ದ ಜಾಗ ಚಪ್ಪಟೆಯಾಗಿಯೇ ಉಳಿದರೆ ವಾಪಸ್ ಇಡಿ. ಗಾಳಿಯ ದಾರಿ ಕಟ್ಟುವುದು ಅಲ್ಲೇ.

2. ವಾಸನೆ ಮತ್ತು ಮುಟ್ಟು: ಒಳ್ಳೆಯ ಸಿಲಿಕಾನ್‌ಗೆ ವಾಸನೆ ಇರುವುದಿಲ್ಲ, ಮುಟ್ಟಿದರೆ ಮೃದು. ಹೊಸ ಮಳೆಗಾಲದ ಚಪ್ಪಲಿಯಂಥ ವಾಸನೆ ಬಂದರೆ ಅದು ಪಿವಿಸಿ. ದಿನ ಹೋದಂತೆ ಗಡುಸಾಗಿ ಹಳದಿಯಾಗುತ್ತದೆ, ಮಡಚಿದಲ್ಲಿ ಸೀಳುತ್ತದೆ.

3. ಒಳಗಿನ ಅಗಲ: ಸುಮಾರು 2 ಸೆಂ.ಮೀ. ಇರಲಿ. ತೀರಾ ಸಣ್ಣದಾದರೆ ಉಸಿರು ಎಳೆಯುವುದೇ ಕಷ್ಟದ ಕೆಲಸ. ಅಂಗಡಿಯಲ್ಲೇ ಬಾಯಿಗಿಟ್ಟು (ಒರೆಸಿಕೊಂಡು!) ಜೋರಾಗಿ ಹತ್ತು ಉಸಿರು ತೆಗೆಯಿರಿ. ಎದೆಗೆ ಶ್ರಮ ಅನ್ನಿಸಬಾರದು. ಸ್ನಾರ್ಕಲಿಂಗ್ ಸಾವುಗಳ ಬಗ್ಗೆ ಹವಾಯಿಯಲ್ಲಿ ನಡೆದ ಅಧ್ಯಯನವೂ ಉಸಿರೆಳೆಯಲು ಅಡ್ಡಿ ಮಾಡುವ ಕೊಳವೆಗಳ ಅಪಾಯವನ್ನು ಎತ್ತಿ ಹೇಳಿದೆ.

4. ಬಾಯಿತುಂಡು: ಐದು ನಿಮಿಷ ಕಚ್ಚಿ ಹಿಡಿದರೆ ದವಡೆ ನೋಯಬಾರದು. ಬದಲಿಸಬಹುದಾದದ್ದಾದರೆ ಇನ್ನೂ ಒಳ್ಳೆಯದು. ಬಾಡಿಗೆ ಸ್ನಾರ್ಕಲ್‌ಗಿಂತ ಸ್ವಂತದ್ದು ಮೇಲು ಅನ್ನುವುದಕ್ಕೆ ಈ ಒಂದು ತುಂಡು ಸಾಕು. ನಿನ್ನೆ ಯಾರ ಬಾಯಲ್ಲಿತ್ತೋ!

5. ಕ್ಲಿಪ್: ಇದು ಎಲ್ಲಕ್ಕಿಂತ ಮುಖ್ಯ, ಎಲ್ಲರೂ ಮರೆಯುವುದೂ ಇದನ್ನೇ. ನಿಮ್ಮ ಮಾಸ್ಕ್ ಹಾಕಿಕೊಂಡೇ ಅಂಗಡಿಗೆ ಹೋಗಿ. ಕಣ್ಣು ಮುಚ್ಚಿ, ಒಂದೇ ಕೈಯಲ್ಲಿ, ಎಡಗಡೆಯ ಪಟ್ಟಿಗೆ ಸಿಕ್ಕಿಸಿ ನೋಡಿ. ಹತ್ತು ಸೆಕೆಂಡಿನಲ್ಲಿ ಆಗದಿದ್ದರೆ ಅಲೆಯ ಮೇಲೆ ಆಗುವುದೇ ಇಲ್ಲ. ಮಾಸ್ಕ್ ಬಿಚ್ಚಿ ಪಟ್ಟಿ ತೂರಿಸಬೇಕಾದ ಕ್ಲಿಪ್ ಬೇಡ. ಸಮುದ್ರದ ನಡುವೆ ಮಾಸ್ಕ್ ತೆಗೆಯುವ ಪ್ರಸಂಗ ಯಾರಿಗೂ ಬರಬಾರದು.

6. ಜೇಬಿಗೆ ಹಿಡಿಸುತ್ತದಾ? ಜಾಕೆಟ್ ನಿಮ್ಮದೋ, ಬಾಡಿಗೆಯದ್ದೋ? ಬಾಡಿಗೆಯ ಜಾಕೆಟ್‌ಗಳಲ್ಲಿ ಜೇಬು ಸಣ್ಣದಿರಬಹುದು, ಬಾಯಿಯ ವೆಲ್ಕ್ರೋ ಸವೆದಿರಬಹುದು. ಗಟ್ಟಿ ಡಬ್ಬಿಯೊಂದಿಗೆ ಬರುವ ಸ್ನಾರ್ಕಲ್ ಪ್ರಯಾಣಕ್ಕೆ ಸರಿ. ನೀರಿಗೆ ಇಳಿಯುವಾಗ ಡಬ್ಬಿ ಬಿಟ್ಟು, ಒಂದು ದಪ್ಪ ರಬ್ಬರ್ ಬ್ಯಾಂಡ್ ಹಾಕಿ ಸುತ್ತಿಟ್ಟುಕೊಂಡರೆ ಜಾಗ ಉಳಿಯುತ್ತದೆ.

7. ಬಣ್ಣ: ಕಪ್ಪು ಫೋಟೋದಲ್ಲಿ ಚೆಂದ. ಅಲೆಯ ನಡುವೆ ದೋಣಿಯವರಿಗೆ ಕಾಣುವುದು ಕಿತ್ತಳೆ, ಹಳದಿ, ಗುಲಾಬಿ.

ಬೆಲೆಯ ಬಗ್ಗೆ ಒಂದೇ ಮಾತು. ಇಲ್ಲಿ ದುಬಾರಿ ಅಂದರೆ ಒಳ್ಳೆಯದು ಅನ್ನುವ ಲೆಕ್ಕ ನಡೆಯದು. ವಾಲ್ವ್, ಮುಚ್ಚಳ, ಕೀಲು ಹೆಚ್ಚಾದಷ್ಟೂ ಬೆಲೆ ಏರುತ್ತದೆ, ಸ್ಕೂಬಾಕ್ಕೆ ಅದರ ಉಪಯೋಗ ಇಳಿಯುತ್ತದೆ. ನಿಮ್ಮ ಜೊತೆ ನೀರಿಗೆ ಇಳಿಯುವ ಸ್ನಾರ್ಕಲ್ಲೇ ಒಳ್ಳೆಯ ಸ್ನಾರ್ಕಲ್. ಹೋಟೆಲ್ ರೂಮಿನಲ್ಲಿ ಉಳಿಯುವ ದುಬಾರಿ ಸ್ನಾರ್ಕಲ್‌ನಿಂದ ಯಾರಿಗೂ ಲಾಭವಿಲ್ಲ.

ತೆಗೆಯುವ ಅಭ್ಯಾಸ

ಕೊಂಡರಷ್ಟೇ ಸಾಲದು. ಸುತ್ತುವ ಸ್ನಾರ್ಕಲ್‌ಗಳಲ್ಲಿ ಹೆಚ್ಚಿನವಕ್ಕೆ ಪರ್ಜ್ ವಾಲ್ವ್ ಇರುವುದಿಲ್ಲ. ಒಳಗೆ ಬಂದ ನೀರನ್ನು ಊದಿಯೇ ಹೊರಹಾಕಬೇಕು. ಈ ಕ್ರಮ ರೂಢಿ ಮಾಡಿಕೊಳ್ಳಿ:

ಮೇಲೆ ಬಂದ ಕೂಡಲೇ ಮೊದಲು ಜಾಕೆಟ್‌ಗೆ ಗಾಳಿ ತುಂಬಿಸಿ. ರೆಗ್ಯುಲೇಟರ್ ಬಾಯಲ್ಲೇ ಇರಲಿ. ದೋಣಿಗೆ ಸರಿಯಾಗಿದ್ದೇನೆ ಅನ್ನುವ ಸನ್ನೆ ಕೊಡಿ. ಆಮೇಲೆ ಜೇಬಿನಿಂದ ಸ್ನಾರ್ಕಲ್ ತೆಗೆದು ಮಾಸ್ಕಿನ ಎಡಕ್ಕೆ ಸಿಕ್ಕಿಸಿ. ಒಂದು ಪೂರ್ತಿ ಉಸಿರು ಎಳೆದುಕೊಂಡು ರೆಗ್ಯುಲೇಟರ್ ತೆಗೆಯಿರಿ, ಸ್ನಾರ್ಕಲ್ ಬಾಯಿಗಿಡಿ, ‘ಫೂ’ ಅಂತ ಒಮ್ಮೆಲೇ ಜೋರಾಗಿ ಊದಿ. ಮೊದಲ ಉಸಿರನ್ನು ನಿಧಾನವಾಗಿ, ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿಕೊಂಡು ಎಳೆದುಕೊಳ್ಳಿ. ಒಂದೆರಡು ಹನಿ ಉಳಿದಿದ್ದರೂ ಗಂಟಲಿಗೆ ನೇರ ಹೋಗುವುದಿಲ್ಲ. ಇನ್ನೊಂದು ಸಲ ಊದಿ. ಅಷ್ಟೇ.

ಈ ಕ್ರಮದಲ್ಲಿ ಒಂದನ್ನಂತೂ ಅದಲು ಬದಲು ಮಾಡಬೇಡಿ: ಜಾಕೆಟ್‌ಗೆ ಗಾಳಿ ತುಂಬದೆ ರೆಗ್ಯುಲೇಟರ್ ತೆಗೆಯಬಾರದು.

ಅಭ್ಯಾಸ ಎಲ್ಲಿ? ನಿಮ್ಮೂರಿನ ಈಜುಕೊಳದಲ್ಲಿ, ನಿಲ್ಲುವಷ್ಟು ನೀರಿನಲ್ಲಿ, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು. ದಾರಿಯಲ್ಲಿ ಗೇರುಸೊಪ್ಪ ಸಿಗುತ್ತದೆ, ಶರಾವತಿಯ ನೀರು ತಿಳಿಯಾಗಿದೆ, ಇಲ್ಲೇ ಒಂದು ಕೈ ನೋಡೋಣ ಅನ್ನಿಸಬಹುದು. ದಯವಿಟ್ಟು ಬೇಡ. ಲಿಂಗನಮಕ್ಕಿಯಿಂದ ಕೆಳಗೆ ಹರಿದ ಶರಾವತಿಗೆ ಗೇರುಸೊಪ್ಪದ್ದು ಕೊನೆಯ ಅಣೆಕಟ್ಟು, 240 ಮೆಗಾವಾಟ್‌ನ ವಿದ್ಯುತ್ ಯೋಜನೆ. ಟರ್ಬೈನ್ ಓಡಿದಾಗ, ಗೇಟು ತೆರೆದಾಗ ಕೆಳಗಿನ ಹೊಳೆಯ ಮಟ್ಟ, ಸೆಳೆತ ಎರಡೂ ಬದಲಾಗುತ್ತವೆ. ಮುಖ ನೀರಿಗೆ ಹಾಕಿ ತೇಲುವವರಿಗೆ ಅದು ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ. ಹೊನ್ನಾವರದ ಅಳಿವೆಯಲ್ಲೂ ಭರತ–ಇಳಿತದ ಸೆಳೆತ ಜೋರು. ಅಲ್ಲಿ ದೋಣಿವಿಹಾರ ಮಾಡಿ, ಕಾಂಡ್ಲಾ ನೋಡಿ, ಸ್ನಾರ್ಕಲ್ ಚೀಲದಲ್ಲೇ ಇರಲಿ.

ಅಂದಹಾಗೆ, ಕುಮಟಾ ಕಡೆಯ ಅಘನಾಶಿನಿಯಲ್ಲಿ ಚಿಪ್ಪಿ ಹೆಕ್ಕುವವರು ಯಾವ ಉಪಕರಣವೂ ಇಲ್ಲದೆ ನೀರಿಗೆ ಇಳಿಯುತ್ತಾರಲ್ಲ ಅಂತ ನೀವು ಕೇಳಬಹುದು. ಅವರು ಇಳಿತದ ಹೊತ್ತು ನೋಡಿ ಇಳಿಯುತ್ತಾರೆ. ಹೊಳೆಯ ಪ್ರತಿ ತಿರುವೂ ಅವರಿಗೆ ಗೊತ್ತು. ವಾರಾಂತ್ಯಕ್ಕೆ ಬಂದ ನಮಗೆ ಆ ತಿಳಿವಳಿಕೆ ಇಲ್ಲ. ಅದಕ್ಕೇ ಜೇಬಿನಲ್ಲಿ ಕೊಳವೆ ಬೇಕು.

ಆರೈಕೆ: ಐದು ನಿಮಿಷ ಸಾಕು

ಡೈವ್ ಮುಗಿದ ಮೇಲೆ ಸಿಹಿನೀರಿನಲ್ಲಿ ಒಳಗೂ ಹೊರಗೂ ತೊಳೆಯಿರಿ. ನೆರಳಿನಲ್ಲಿ, ಬಿಚ್ಚಿ ನೇತುಹಾಕಿ ಒಣಗಿಸಿ. ಸುತ್ತಿಟ್ಟುಕೊಳ್ಳುವುದು ಡೈವ್ ದಿನ ಮಾತ್ರ. ವರ್ಷಗಟ್ಟಲೆ ಸುತ್ತಿಯೇ ಇಟ್ಟರೆ ಎಂಥ ಸಿಲಿಕಾನ್ ಆದರೂ ಮಡಿಕೆ ಹಿಡಿಯುತ್ತದೆ. ಒದ್ದೆ ಇರುವಾಗಲೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಮಳೆಗಾಲ ಮುಗಿಯುವಷ್ಟರಲ್ಲಿ ಬೂಸಲು ಬಂದಿರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಡಬೇಡಿ. ಸನ್‌ಸ್ಕ್ರೀನ್ ಹಚ್ಚಿದ ಕೈಯಲ್ಲಿ ಮುಟ್ಟಿದ್ದರೆ ಸ್ವಲ್ಪ ಸೋಪಿನ ನೀರು ಹಾಕಿ ತೊಳೆಯಿರಿ.

ಪ್ರತಿ ಸೀಸನ್ನಿನ ಮೊದಲು ಒಮ್ಮೆ ಬಿಚ್ಚಿ, ಬೆಳಕಿಗೆ ಹಿಡಿದು ನೋಡಿ. ಮುರುಡೇಶ್ವರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದ ಕಾರಣ ಡೈವಿಂಗ್ ಇರುವುದಿಲ್ಲ. ಆ ನಾಲ್ಕು ತಿಂಗಳು ಸುಮ್ಮನೆ ಬಿದ್ದಿದ್ದ ವಸ್ತುವಿನಲ್ಲಿ ಸೀಳು, ಅಂಟು, ಒಳಗೆ ಮನೆ ಮಾಡಿದ ಹುಳ, ಏನು ಬೇಕಾದರೂ ಇರಬಹುದು. ಬಾಯಿತುಂಡಿನಲ್ಲಿ ಹಲ್ಲಿನ ಗುರುತು ತೂತಾಗಿದ್ದರೆ ಬದಲಿಸಿ.

ಸಾಮಾನ್ಯವಾಗಿ ಏಳುವ ಪ್ರಶ್ನೆಗಳು

*ನಂಗೆ ಈಜು ಚೆನ್ನಾಗಿ ಬರುತ್ತೆ. ಆದ್ರೂ ಬೇಕಾ?*
ಈಜು ಬರುವುದು ಬೇರೆ, ಬೆನ್ನ ಮೇಲೆ ಸಿಲಿಂಡರ್, ಸೊಂಟಕ್ಕೆ ಸೀಸದ ತೂಕ ಕಟ್ಟಿಕೊಂಡು ಅಲೆಯ ಮೇಲೆ ಈಜುವುದು ಬೇರೆ. ಉಸಿರಿಗಾಗಿ ಪ್ರತಿ ಸಲ ಮುಖ ಎತ್ತುವುದು ಬಹಳ ಬೇಗ ಸುಸ್ತು ಮಾಡುತ್ತದೆ.

*ಸ್ನಾರ್ಕಲ್ ಇದ್ರೆ ಬೇರೇನೂ ಬೇಡ್ವಾ?*
ಬೇಕು. ಗಾಳಿ ತುಂಬಿ ನಿಲ್ಲಿಸುವ ಉದ್ದನೆಯ ಕಿತ್ತಳೆ ಬಣ್ಣದ ಗುರುತು ಬಲೂನ್ ಮತ್ತು ಒಂದು ಸೀಟಿ. ಸ್ನಾರ್ಕಲ್ ನಿಮ್ಮ ಉಸಿರು ಉಳಿಸುತ್ತದೆ, ಇವೆರಡು ನಿಮ್ಮನ್ನು ದೋಣಿಯವರಿಗೆ ತೋರಿಸುತ್ತವೆ. ಮೂರೂ ಸೇರಿ ಒಂದೇ ಜೇಬಿಗೆ ಹಿಡಿಸಬೇಕು ಅನ್ನುವುದನ್ನು ಕೊಳ್ಳುವಾಗಲೇ ನೆನಪಿಡಿ.

*ಸಾದಾ ಗಟ್ಟಿ ಸ್ನಾರ್ಕಲ್ ಈಗಾಗ್ಲೇ ಇದೆ. ಎಸೆಯಬೇಕಾ?*
ಬೇಡ. ಸ್ನಾರ್ಕಲಿಂಗ್‌ಗೆ ಅದೇ ಸಾಕು. ಸ್ಕೂಬಾದಲ್ಲಿ ಎರಡು ರಬ್ಬರ್ ಪಟ್ಟಿ ಹಾಕಿ ಕಾಲಿನ ಹೊರಬದಿಗೆ ಕಟ್ಟಿಕೊಳ್ಳುವವರೂ ಇದ್ದಾರೆ. ನೀರಿಗೆ ಹಾರುವಾಗ ಜಾರಿ ಹೋಗದ ಹಾಗೆ ನೋಡಿಕೊಳ್ಳಿ.

*ಮೊದಲು ಮಾಸ್ಕ್ ಕೊಳ್ಳಬೇಕಾ, ಸ್ನಾರ್ಕಲ್ಲಾ?*
ಮಾಸ್ಕ್. ಮುಖಕ್ಕೆ ಸರಿಯಾಗಿ ಕೂರುವ ಮಾಸ್ಕ್ ಇಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಎರಡನೆಯದು ಸ್ನಾರ್ಕಲ್. ಕ್ಯಾಮೆರಾ ಕೊನೆಗೆ.

*ಹೃದಯ, ಬಿಪಿ ತೊಂದರೆ ಇರೋರು ಬರೀ ಸ್ನಾರ್ಕಲಿಂಗ್ ಮಾಡಬಹುದಾ?*
ನೀರಿನ ಮೇಲೇ ತಾನೇ ಅಂತ ಹಗುರವಾಗಿ ತೆಗೆದುಕೊಳ್ಳಬೇಡಿ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವುದಿದ್ದರೆ ಮೊದಲು ವೈದ್ಯರನ್ನು ಕೇಳಿ. ನೀರಿನಲ್ಲಿ ಉಸಿರು ಕಟ್ಟಿದ ಹಾಗೆ ಅನ್ನಿಸಿದರೆ ಕೂಡಲೇ ಅಂಗಾತವಾಗಿ, ಸ್ನಾರ್ಕಲ್ ತೆಗೆದು, ಕೈ ಎತ್ತಿ ಕರೆಯಬೇಕು ಅಂತ ಮೊದಲೇ ಹೇಳಿಡಿ.

ಹೊರಡುವ ಮುನ್ನ

ನೇತ್ರಾಣಿಯ ಹವಳ ಬೆಳೆಯುವುದು ಬಹಳ ನಿಧಾನ. ಸ್ನಾರ್ಕಲ್‌ನಲ್ಲಿ ತೇಲುವಾಗ ಸುಸ್ತಾಯಿತು ಅಂತ ಬಂಡೆಯ ಮೇಲೆ ಕಾಲೂರಬೇಡಿ. ಏನನ್ನೂ ಮುಟ್ಟಬೇಡಿ, ಹೆಕ್ಕಿ ತರಬೇಡಿ. ದಣಿವಾದರೆ ಜಾಕೆಟ್‌ಗೆ ಇನ್ನಷ್ಟು ಗಾಳಿ ತುಂಬಿಸಿ, ಅಲುಗಾಡದೆ ತೇಲಿ, ಉಸಿರು ಹದಕ್ಕೆ ಬರಲಿ.

ಚೀಲ ಕಟ್ಟುವಾಗ ಒಂದು ಸಣ್ಣ ಕೆಲಸ ಮಾಡಿ. ಸುತ್ತಿದ ಸ್ನಾರ್ಕಲ್, ಸೀಟಿ, ಗುರುತು ಬಲೂನ್ ಮೂರನ್ನೂ ಮಾಸ್ಕಿನ ಡಬ್ಬಿಯಲ್ಲೇ ಇಟ್ಟುಬಿಡಿ. ಮಾಸ್ಕ್ ಮರೆಯದವರು ಅವನ್ನೂ ಮರೆಯುವುದಿಲ್ಲ. ದೋಣಿಯಿಂದ ನೀರಿಗೆ ಹಾರುವ ಮುಂಚೆ ಜೊತೆಗಾರನ ಸಿಲಿಂಡರ್, ಬೆಲ್ಟ್ ನೋಡುತ್ತೀರಲ್ಲ, ಅದರ ಜೊತೆ ‘ಜೇಬಿನಲ್ಲಿ ಇದೆಯಾ?’ ಅಂತಲೂ ಕೇಳಿ.

ನೇತ್ರಾಣಿಯಲ್ಲೋ ಬೇರೆಲ್ಲೋ ಡೈವ್ ಮಾಡಿದವರು ನೀವಾಗಿದ್ದರೆ, ನಿಮ್ಮ ಜೇಬಿನಲ್ಲಿ ಏನೇನು ಇರುತ್ತದೆ ಅಂತ ನಮ್ಮ ಓದುಗರ ಅಂಕಣಕ್ಕೆ ಬರೆದು ಕಳಿಸಿ. ಮುಂದಿನ ಸೀಸನ್ನಿಗೆ ಘಾಟಿ ಇಳಿಯುವವರಿಗೆ ಅದು ಉಪಯೋಗಕ್ಕೆ ಬಂದೀತು.